ನಿಂತ ಕಾರಿನ ಖರ್ಚು

ಪ್ರಶ್ನೆ: ನಾನು ಜೊಯಿಡಾ ತಾಲ್ಲೂಕಿನ ಒಂದು ಸಹಕಾರಿ ಸಂಘದಲ್ಲಿ ಗುಮಾಸ್ತ. ಕೈಗೆ ಬರುವ ಸಂಬಳ 23 ಸಾವಿರ. ಹೆಂಡತಿಯ ತವರು ಹಳಿಯಾಳ. ನನ್ನ ತಾಯಿ ಮುಂಡಗೋಡ ಹತ್ತಿರದ ನಮ್ಮ ಹಳ್ಳಿಯಲ್ಲಿ ಅಣ್ಣನ ಜೊತೆ ಇದ್ದಾರೆ. ಅವರಿಗೆ ಸಕ್ಕರೆ ಕಾಯಿಲೆ, ತಿಂಗಳಿಗೊಮ್ಮೆ ಹುಬ್ಬಳ್ಳಿಗೆ ತೋರಿಸಬೇಕು. ಅದಕ್ಕೆಂದೇ ಎರಡು ವರ್ಷದ ಹಿಂದೆ 2013ರ ಆಲ್ಟೊ 800 ಒಂದನ್ನು ಒಂದೂವರೆ ಲಕ್ಷಕ್ಕೆ ತೆಗೆದುಕೊಂಡೆ. 71 ಸಾವಿರ ಕಿಲೋಮೀಟರ್ ಓಡಿದೆ. ವಾರದ ದಿನಗಳಲ್ಲಿ ನನ್ನದು ಬೈಕು. ಸಂಘದ ಕೆಲಸಕ್ಕೆ ಅಪರೂಪಕ್ಕೆ ಅಣಶಿ ಘಾಟ್ ಇಳಿದು ಕಾರವಾರಕ್ಕೆ ಕಾರಿನಲ್ಲಿ ಹೋಗುವುದುಂಟು. ಮಳೆಗಾಲದ ಮೂರು ತಿಂಗಳು ಅಣ್ಣನೇ ತಾಯಿಯನ್ನು ಬಸ್ಸಿನಲ್ಲಿ ಕರೆದೊಯ್ಯುತ್ತಾನೆ. ಆಗ ಕಾರನ್ನು ಅಂಗಳದಲ್ಲಿ ಹ್ಯಾಂಡ್ ಬ್ರೇಕ್ ಎಳೆದು, ಟಾರ್ಪಾಲು ಬಿಗಿದು, ಜೋಪಾನವಾಗಿ ಇಡುತ್ತೇನೆ. ಆದರೂ ಪ್ರತಿ ವರ್ಷ ಮಳೆ ಮುಗಿಯುವ ಹೊತ್ತಿಗೆ ಏನಾದರೊಂದು ಕೆಟ್ಟಿರುತ್ತದೆ. ಈ ಸಲ ಬ್ರೇಕ್ ಕಿರ್ರೆನ್ನುತ್ತಿದೆ, ಮೈಲೇಜು 19ರಿಂದ ಹದಿನೇಳೂವರೆಗೆ ಇಳಿದಿದೆ. ಗ್ಯಾರೇಜಿನವರು ಕೊಟ್ಟ ಪಟ್ಟಿ ಹೀಗಿದೆ: ಬ್ರೇಕ್ ಕೆಲಸ 3,200, ನಾಲ್ಕು ಟೈರು 12,000, ಕ್ಲಚ್ 6,500, ತಳಕ್ಕೆ ಕೋಟಿಂಗ್ 4,500, ಎಂಜಿನ್ ಡಿಕಾರ್ಬನೈಸಿಂಗ್ 2,800, ಏಸಿ ಕ್ಲೀನಿಂಗ್ 1,400, ವೈಪರ್ ಮತ್ತು ಬಲ್ಬು 1,000. ಒಟ್ಟು 31,400. ‘ಹಿಂಗ ಬಿಟ್ರ ಘಾಟ್‌ನಾಗ ಕೈ ಕೊಡ್ತದ್ರಿ ಸರ’ ಎಂದು ಹೆದರಿಸಿದ್ದಾರೆ. ಹೆಂಡತಿಯ ಎರಡು ಬಳೆ ಒತ್ತೆ ಇಟ್ಟು ಮಾಡಿಸೋಣವೆಂದರೆ ಅವಳು, ‘ಕಾರ್ ಸಾಕೂದೋ, ಮಕ್ಕಳನ್ನ ಸಾಕೂದೋ, ಒಂದು ಹೇಳ್ರಿ’ ಎನ್ನುತ್ತಾಳೆ. ಮಾರಿಬಿಡಲೇ?
— ಜೊಯಿಡಾದ ಓದುಗ

ಉತ್ತರ: ಬಳೆ ಒತ್ತೆ ಇಡಬೇಡಿ. ಕಾರನ್ನೂ ಸದ್ಯಕ್ಕೆ ಮಾರಬೇಡಿ. ಈ ಪತ್ರಿಕೆ ಕೈಗೆ ಬಂದ ದಿನವೇ ಮೊದಲು ಆ ಟಾರ್ಪಾಲು ಬಿಚ್ಚಿ.

ನಿಮ್ಮ ಪತ್ರದಲ್ಲಿ ‘ಜೋಪಾನವಾಗಿ’ ಎಂಬ ಮಾತು ಓದಿ ನನಗೆ ನಗು ಬಂತು, ಕ್ಷಮಿಸಿ. ನೀವು ಬರೆದ ಓಡಾಟ ನೋಡಿದರೆ ವರ್ಷಕ್ಕೆ ನಾಲ್ಕು ಸಾವಿರ ಕಿಲೋಮೀಟರ್ ಕೂಡ ಆಗದು, ಅಂಥ ಕಾರು ಓಡಿ ಸವೆಯುವುದಿಲ್ಲ. ನಿಮ್ಮ ಕಾರು ಕೆಡುತ್ತಿರುವುದು ನಿಂತು. ಅದೂ ಎಲ್ಲಿ ನಿಂತು? ಜೊಯಿಡಾದಲ್ಲಿ. ನಿಮ್ಮ ತಾಲ್ಲೂಕಿನ ಕ್ಯಾಸಲ್‌ರಾಕ್ ರಾಜ್ಯದಲ್ಲೇ ಅತಿ ಹೆಚ್ಚು ಮಳೆ ಬೀಳುವ ಊರುಗಳ ಸಾಲಿನಲ್ಲಿದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅಲ್ಲಿ ತೊಳೆದು ಹಾಕಿದ ಬಟ್ಟೆಯೇ ಒಣಗುವುದಿಲ್ಲ, ಒಲೆಯ ಮೇಲೆ ತಂತಿ ಕಟ್ಟಿ ಒಣಗಿಸಬೇಕು. ಅಂಥ ಕಡೆ ಗಾಳಿಯಾಡದ ಪ್ಲಾಸ್ಟಿಕ್ ಹೊದಿಸಿದರೆ ಮೇಲಿನ ಮಳೆ ತಪ್ಪುತ್ತದೆ ನಿಜ, ನೆಲದಿಂದ ಏಳುವ ಹಸಿ ಒಳಗೇ ಉಳಿಯುತ್ತದೆ. ರಾತ್ರಿ ಟಾರ್ಪಾಲಿನ ಒಳಮೈಯಲ್ಲಿ ಕೂತ ಹನಿ ಬೆಳಿಗ್ಗೆ ಕಾರಿನ ಮೇಲೆಯೇ ತೊಟ್ಟಿಕ್ಕುತ್ತದೆ. ಮೂರು ತಿಂಗಳು ನೀವು ಅದನ್ನು ಇಡ್ಲಿ ಪಾತ್ರೆಯಲ್ಲಿ ಇಟ್ಟ ಹಾಗಾಯಿತು.

ನಾಲ್ಕು ಕಂಬ ನೆಟ್ಟು ತಗಡಿನ ಮಾಡು ಹಾಕಿ, ಸುತ್ತ ತೆರೆದೇ ಇರಲಿ. ಅದೂ ಆಗದಿದ್ದರೆ ಬರೀ ಆಕಾಶದ ಕೆಳಗೆ ನಿಲ್ಲಿಸುವುದೇ ಮೇಲು. ಹಸಿ ಮಣ್ಣಿನ ಮೇಲಾಗಲಿ ಹುಲ್ಲಿನ ಮೇಲಾಗಲಿ ಬೇಡ. ಚಕ್ರದ ಅಡಿ ಕಲ್ಲುಚಪ್ಪಡಿ ಇರಲಿ. ಹ್ಯಾಂಡ್ ಬ್ರೇಕ್ ಎಳೆದು ವಾರಗಟ್ಟಲೆ ಬಿಡಬೇಡಿ. ಹಿಂದಿನ ಚಕ್ರದ ಡ್ರಮ್ಮಿನೊಳಗೆ ಬ್ರೇಕ್ ಶೂ ತುಕ್ಕು ಹಿಡಿದು ಕಚ್ಚಿಕೊಳ್ಳುತ್ತದೆ. ನೀವು ಕೇಳಿದ ಕಿರ್ರೆನ್ನುವ ಸದ್ದು ಬಹುಶಃ ಅದೇ. ಗೇರಿನಲ್ಲಿ ಹಾಕಿ, ಚಕ್ರಕ್ಕೆ ಒಂದು ಕಲ್ಲು ಕೊಟ್ಟರೆ ಸಮತಟ್ಟಾದ ಅಂಗಳದಲ್ಲಿ ಸಾಕು. ವಾರಕ್ಕೊಮ್ಮೆ ಹೊರಗೆ ತೆಗೆದು ಅರ್ಧ ತಾಸು ಓಡಿಸಿ. ನಿಂತಲ್ಲೇ ಎಂಜಿನ್ ಚಾಲೂ ಮಾಡಿ ಐದು ನಿಮಿಷಕ್ಕೆ ಬಂದ್ ಮಾಡುವುದು ಬೇಡ. ಅಷ್ಟರಲ್ಲಿ ಎಂಜಿನ್ ಸರಿಯಾಗಿ ಕಾಯುವುದಿಲ್ಲ, ಸೈಲೆನ್ಸರಿನೊಳಗೆ ನೀರು ಉಳಿಯುತ್ತದೆ, ಬ್ಯಾಟರಿಯೂ ತುಂಬುವುದಿಲ್ಲ. ಗಣೇಶಗುಡಿಯವರೆಗೆ ಹೋಗಿ ಚಹಾ ಕುಡಿದು ಬನ್ನಿ. ಆ ಪೆಟ್ರೋಲಿನ ದುಡ್ಡು ದಂಡವೇನಲ್ಲ, ಅದೂ ನಿರ್ವಹಣೆಯ ಖರ್ಚೇ.

ಇನ್ನು ಆ ಪಟ್ಟಿ. ಗ್ಯಾರೇಜಿನವರು ಮೋಸಗಾರರು ಎಂದು ನಾನು ಹೇಳುತ್ತಿಲ್ಲ. ಬೇಕಾದ್ದು, ಆಮೇಲೆ ನೋಡಬಹುದಾದ್ದು, ಬೇಡವಾದ್ದು ಎಲ್ಲವನ್ನೂ ಒಂದೇ ಹಾಳೆಯಲ್ಲಿ ಬರೆದು ಕೊನೆಗೆ ‘ಘಾಟ್’ ಎಂಬ ಮಾತು ಸೇರಿಸಿದ್ದಾರೆ. ಘಾಟ್ ಅಂದರೆ ನಮ್ಮ ಕಡೆಯವರು ಜೇಬಿಗೆ ಕೈ ಹಾಕುತ್ತಾರೆ, ಅದು ಅವರಿಗೆ ಗೊತ್ತು.

ಬ್ರೇಕ್ ಕೆಲಸ ಈ ವಾರವೇ ಆಗಬೇಕು, ಅದರಲ್ಲಿ ಚೌಕಾಶಿ ಇಲ್ಲ. ಎದುರು ನಿಂತು ಚಕ್ರ ಬಿಚ್ಚಿಸಿ. ಪ್ಯಾಡ್ ಎಷ್ಟು ಸವೆದಿದೆ ಎಂದು ನಿಮ್ಮ ಕಣ್ಣಿನಿಂದ ನೋಡಿ, ಹಿಂದಿನ ಡ್ರಮ್ಮಿನಲ್ಲಿ ಬರೀ ತುಕ್ಕಿದ್ದರೆ ಉಜ್ಜಿ ಹೊಂದಿಸಿದರೆ ಸಾಕಾಗಬಹುದು. ತೆಗೆದ ಹಳೇ ಸಾಮಾನನ್ನು ಕೈಗೆ ಕೊಡಿ ಎಂದು ಕೇಳಿ. ಕೇಳುವ ಗಿರಾಕಿಗೆ ಮಿಸ್ತ್ರಿ ಬೇರೆ ಥರ ಕೆಲಸ ಮಾಡುತ್ತಾನೆ. ವೈಪರ್ ಮತ್ತು ಬಲ್ಬಿನ ಸಾವಿರ ರೂಪಾಯಿಯೂ ಹಾಗೆಯೇ, ಪ್ರಶ್ನೆಯೇ ಬೇಡ.

ಟೈರು ನಾಲ್ಕೂ ಒಟ್ಟಿಗೆ ಬದಲಿಸಬೇಕೆಂದಿಲ್ಲ. ಟೈರಿನ ತೋಡಿನೊಳಗೆ ಅಲ್ಲಲ್ಲಿ ಸಣ್ಣ ಗುಬ್ಬಿಗಳಿರುತ್ತವೆ. ರಬ್ಬರು ಆ ಗುಬ್ಬಿಯ ಮಟ್ಟಕ್ಕೆ ಸವೆದಿದ್ದರೆ ಉಳಿದಿರುವುದು 1.6 ಮಿಲಿಮೀಟರ್ ಎಂದು ಅರ್ಥ, ಅಲ್ಲಿಗೆ ಅದರ ಆಯುಷ್ಯ ಮುಗಿಯಿತು. ನಮ್ಮ ಮಳೆಗೆ ಅದಕ್ಕಿಂತ ಮೊದಲೇ ಬದಲಿಸುವುದು ಕ್ಷೇಮ. ಪಕ್ಕದ ಗೋಡೆಯಲ್ಲಿ ನಾಲ್ಕಂಕಿಯ ಸಂಖ್ಯೆ ಇರುತ್ತದೆ. 2318 ಎಂದಿದ್ದರೆ 2018ರ 23ನೇ ವಾರದಲ್ಲಿ ತಯಾರಾದದ್ದು. ಕಡಿಮೆ ಓಡುವ ಕಾರಿನಲ್ಲಿ ತೋಡು ಆಳವಾಗಿಯೇ ಇದ್ದು ರಬ್ಬರು ಮಾತ್ರ ಮುದಿಯಾಗಿ ಬಿರುಕು ಬಿಟ್ಟಿರುತ್ತದೆ, ಹಾಗಾಗಿ ಎರಡನ್ನೂ ನೋಡಬೇಕು. ಕೆಟ್ಟದ್ದಾದ ಎರಡನ್ನು ಈಗ ಬದಲಿಸಿ, ಉಳಿದೆರಡಕ್ಕೆ ಬಿರುಕಿಲ್ಲದಿದ್ದರೆ ಮುಂದಿನ ಬೇಸಿಗೆ. ಹೊಸ ಜೋಡಿಯನ್ನು ಮುಂದಕ್ಕೆ ಹಾಕುತ್ತೇನೆ ಎನ್ನುತ್ತಾರೆ ಪಂಕ್ಚರ್ ಅಂಗಡಿಯವರು. ಹಿಂದಕ್ಕೆ ಹಾಕಿಸಿ. ಒದ್ದೆ ರಸ್ತೆಯಲ್ಲಿ ಮುಂದಿನ ಚಕ್ರ ಜಾರಿದಾಗ ಎಕ್ಸಲರೇಟರಿನಿಂದ ಕಾಲು ತೆಗೆದರೆ ಹಿಡಿತ ಮರಳುತ್ತದೆ, ಹಿಂದಿನದು ಜಾರಿದರೆ ಕಾರು ಗಿರಕಿ ಹೊಡೆಯುತ್ತದೆ.

ಕ್ಲಚ್ಚಿಗೆ ಒಂದು ಪರೀಕ್ಷೆ ಇದೆ, ದುಡ್ಡು ಬೇಡ. ಏರಿನಲ್ಲಿ ಮೂರನೇ ಗೇರಿಗೆ ಹಾಕಿ ಎಕ್ಸಲರೇಟರ್ ಒತ್ತಿ. ಎಂಜಿನ್ನಿನ ಸದ್ದು ಏರುತ್ತಾ ಹೋಗಿ ವೇಗ ಮಾತ್ರ ಏರದಿದ್ದರೆ ಕ್ಲಚ್ ಜಾರುತ್ತಿದೆ. ಹಾಗಾಗದಿದ್ದರೆ 6,500 ರೂಪಾಯಿ ನಿಮ್ಮ ಜೇಬಿನಲ್ಲೇ ಇರಲಿ. ಓಡಿಸುವಾಗ ಎಡಗಾಲನ್ನು ಕ್ಲಚ್ ಪೆಡಲಿನ ಮೇಲೆ ಇಟ್ಟುಕೊಂಡೇ ಇರುವ ಚಟವಿದ್ದರೆ ಬಿಡಿ.

ಡಿಕಾರ್ಬನೈಸಿಂಗ್ ಗೆರೆ ಹೊಡೆಯಿರಿ. ಮೈಲೇಜು ಇಳಿಯಿತೆಂದು ನೀವು ಹೇಳಿದ್ದಕ್ಕೇ ಅದು ಪಟ್ಟಿಗೆ ಬಂದದ್ದು. ಈಗ ಬಂಕಿನಲ್ಲಿ ಸಿಗುವುದು ಶೇ 20ರಷ್ಟು ಎಥೆನಾಲ್ ಬೆರೆತ ಪೆಟ್ರೋಲು. ಎಥೆನಾಲಿನ ಕಸುವು ಪೆಟ್ರೋಲಿಗಿಂತ ಕಡಿಮೆ. ಹಳೇ ಕಾಲದ ಪೆಟ್ರೋಲಿಗೆಂದು ರೂಪಿಸಿ ಶೇ 10ರ ಮಿಶ್ರಣಕ್ಕೆ ಹೊಂದಿಸಿದ ಕಾರುಗಳಲ್ಲಿ ಮೈಲೇಜು ಶೇ 6ರಿಂದ 7ರಷ್ಟು ಇಳಿಯಬಹುದೆಂದು ನೀತಿ ಆಯೋಗದ 2021ರ ವರದಿಯಲ್ಲೇ ಇದೆ. ನಿಮ್ಮ 19 ಹದಿನೇಳೂವರೆಯಾದದ್ದು ಶೇ 8ರಷ್ಟು. ಉಳಿದ ಒಂದಂಶ ಟೈರಿನ ಗಾಳಿಯಲ್ಲಿ, ಕಚ್ಚಿಕೊಂಡ ಬ್ರೇಕಿನಲ್ಲಿ ಸಿಕ್ಕೀತು. ಹಳಿಯಾಳದ ಕಬ್ಬಿನ ರಸದ ಒಂದು ಪಾಲು ಈಗ ನಿಮ್ಮ ಟ್ಯಾಂಕಿಗೂ ಬರುತ್ತಿರಬಹುದು, ಅದಕ್ಕೆ ಎಂಜಿನ್ನನ್ನು ತೊಳೆಸಿ ಪ್ರಯೋಜನವಿಲ್ಲ. ಆದರೆ ಎಥೆನಾಲ್ ನೀರನ್ನು ಹೀರುತ್ತದೆ, ಹಳೇ ರಬ್ಬರನ್ನು ಮೆತ್ತಗಾಗಿಸುತ್ತದೆ. ಮಳೆಗಾಲದಲ್ಲಿ ಕಾರು ಹೆಚ್ಚು ದಿನ ನಿಲ್ಲುವುದಾದರೆ ಟ್ಯಾಂಕು ಅರ್ಧ ಖಾಲಿ ಬಿಡಬೇಡಿ. ಪೆಟ್ರೋಲ್ ಪೈಪು ಬಿರುಕು ಬಿಟ್ಟಿದೆಯೇ ಎಂದು ಬಾನೆಟ್ ತೆರೆದಾಗ ನೋಡಲು ಹೇಳಿ.

ತಳದ ಕೋಟಿಂಗ್ ಈ ಹವೆಯಲ್ಲಿ ಮಾಡಿಸಿದರೆ ಹಾನಿ. ಒದ್ದೆ ಕೆಮ್ಮಣ್ಣು, ಅರೆಬರೆ ತುಕ್ಕು ಎರಡರ ಮೇಲೂ ಕಪ್ಪು ಬಳಿದು ಮುಚ್ಚಿದರೆ ತುಕ್ಕು ಒಳಗೊಳಗೇ ತಿನ್ನುತ್ತದೆ, ನಿಮ್ಮ ಕಣ್ಣಿಗೂ ಕಾಣುವುದಿಲ್ಲ. ಏಪ್ರಿಲ್‌ನಲ್ಲಿ ತಳ ತೊಳೆಸಿ, ಎರಡು ದಿನ ಬಿಸಿಲಿಗೆ ನಿಲ್ಲಿಸಿ, ತುಕ್ಕು ಕೆರೆಸಿ, ಆಮೇಲೆ ಬಳಿಸಬಹುದು. ಅದಕ್ಕಿಂತ ಉಪಯೋಗದ ಕೆಲಸ ಮನೆಯಲ್ಲೇ ಇದೆ. ನಾಲ್ಕೂ ಬಾಗಿಲಿನ ಕೆಳ ಅಂಚಿನಲ್ಲಿ ನೀರು ಇಳಿಯುವ ಸಣ್ಣ ತೂತುಗಳಿವೆ, ಹಿಡಿಕಡ್ಡಿ ಹಾಕಿ ಬಿಡಿಸಿ. ಮುಂಗಾಜಿನ ಬುಡದ ಜಾಲರಿಯಲ್ಲಿ ಎಲೆ ತುಂಬಿದ್ದರೆ ತೆಗೆಯಿರಿ. ಅದು ಕಟ್ಟಿಕೊಂಡರೆ ನೀರು ಕಾಲಿನ ಬಳಿ ಬರುತ್ತದೆ, ಏಸಿ ವಾಸನೆ ಹೊಡೆಯುವುದೂ ಬಹಳ ಸಲ ಆ ಹಸಿಗೇ. ಹಾಗಾಗಿ 1,400 ಕೂಡ ಉಳಿಯಿತು. ರಬ್ಬರ್ ಮ್ಯಾಟ್ ಎತ್ತಿ ಕೆಳಗಿನ ಕಾರ್ಪೆಟ್ ಮುಟ್ಟಿ ನೋಡಿ. ಒದ್ದೆಯಿದ್ದರೆ ಹಳೇ ಪೇಪರು ಹಾಸಿ, ಸೀಟು ಒರಗಿಸಿ, ಬಿಸಿಲು ಬಂದ ದಿನ ಬಾಗಿಲು ತೆಗೆದಿಡಿ.

ಲೆಕ್ಕ ಹಾಕಿ. ಬ್ರೇಕು, ವೈಪರು, ಎರಡು ಟೈರು: 10,200. ಬಳೆ ಒತ್ತೆಗೆ ಹೋಗುವ ಮೊತ್ತವೇ ಅಲ್ಲ ಇದು.

ಆದರೆ ಆ ಪಟ್ಟಿಯಲ್ಲಿ ಇರಬೇಕಾದ ಎರಡು ಸಂಗತಿ ಇಲ್ಲವೇ ಇಲ್ಲ, ನನಗೆ ಆಶ್ಚರ್ಯವಾದದ್ದು ಅದಕ್ಕೆ. ಮೊದಲನೆಯದು ಟೈಮಿಂಗ್ ಬೆಲ್ಟ್. ನಿಮ್ಮ 796 ಸಿಸಿ ಎಂಜಿನ್ನಿನಲ್ಲಿ ಅದು ರಬ್ಬರಿನ ಬೆಲ್ಟು, ಚೈನಲ್ಲ. ಹಿಂದಿನ ಮಾಲೀಕ ಬದಲಿಸಿದ್ದರೆ ಸರಿ, ಚೀಟಿ ಇಲ್ಲದಿದ್ದರೆ ಬದಲಿಸಿಲ್ಲ ಎಂದೇ ತಿಳಿಯಿರಿ. ರಬ್ಬರು ಕಿಲೋಮೀಟರಿನಿಂದ ಮಾತ್ರವಲ್ಲ, ವಯಸ್ಸಿನಿಂದಲೂ ಹೋಗುತ್ತದೆ. ತುಂಡಾದರೆ ಎಂಜಿನ್ ಇದ್ದಲ್ಲೇ ನಿಲ್ಲುತ್ತದೆ, ಕಾಡಿನ ನಡುವೆ ಫೋನಿಗೆ ಸಿಗ್ನಲ್ಲೂ ಇರುವುದಿಲ್ಲ. ಎರಡನೆಯದು ಬ್ರೇಕ್ ಆಯಿಲ್. ಅದೂ ಗಾಳಿಯ ಹಸಿ ಹೀರುತ್ತದೆ. ಹಸಿ ಸೇರಿದ ಆಯಿಲು ಘಾಟ್ ಇಳಿಯುವಾಗ ಕಾದು ಕುದಿಯಿತೆಂದರೆ ಪೆಡಲು ಸ್ಪಂಜಿನ ಹಾಗೆ ಒಳಗೆ ಹೋಗುತ್ತದೆ, ಕಾರು ನಿಲ್ಲುವುದಿಲ್ಲ. ಎರಡು ವರ್ಷಕ್ಕೊಮ್ಮೆ ಪೂರ್ತಿ ಬದಲಿಸಬೇಕು. ನೀವು ತೆಗೆದುಕೊಂಡೇ ಎರಡು ವರ್ಷವಾಯಿತು. ಬ್ರೇಕ್ ಕೆಲಸದ ಜೊತೆಗೇ ಮಾಡಿಸಿದರೆ ಕೂಲಿ ಉಳಿಯುತ್ತದೆ. ಡಿಕಾರ್ಬನೈಸಿಂಗಿನ ಬದಲು ಇವೆರಡಕ್ಕೆ ದರ ಕೇಳಿ.

ಅಣಶಿ ಘಾಟಿನ ವಿಷಯ ಬಂತಲ್ಲ, ನನ್ನದೊಂದು ಪೆದ್ದುತನ ಹೇಳಿಬಿಡುತ್ತೇನೆ. ನನ್ನಲ್ಲಿ ಹಳೇ ಮಾರುತಿ 800 ಇದ್ದ ಕಾಲ. ಕಾರವಾರಕ್ಕೆ ಇಳಿಯುವಾಗ ಪೆಟ್ರೋಲು ಉಳಿಸುವ ಆಸೆಗೆ ನ್ಯೂಟ್ರಲ್ ಹಾಕಿ ಬರೀ ಬ್ರೇಕಿನ ಮೇಲೆ ಬಿಟ್ಟೆ. ಅರ್ಧ ಇಳಿಯುವಷ್ಟರಲ್ಲಿ ಸುಟ್ಟ ವಾಸನೆ. ಎಷ್ಟು ಒತ್ತಿದರೂ ವೇಗ ಇಳಿಯಲೊಲ್ಲದು. ಗುಡ್ಡದ ಕಡೆಯ ಚರಂಡಿಗೆ ಒಂದು ಬದಿಯ ಚಕ್ರ ಇಳಿಸಿ ನಿಲ್ಲಿಸಿದೆ. ಹಿಂದೆ ಬಂದ ಲಾರಿಯವನು ಇಳಿದು ಬಂದು ನನ್ನನ್ನು ಮೇಲಿಂದ ಕೆಳಗೆ ನೋಡಿ, ‘ಹತ್ತೂ ಗೇರಿನ್ಯಾಗ ಇಳೀಬೇಕ್ರಿ’ ಎಂದಷ್ಟೇ ಹೇಳಿ ಹಗ್ಗ ಕಟ್ಟಿದ. ಎರಡನೇ ಗೇರಿನಲ್ಲಿ ಇಳಿದರೆ ಎಂಜಿನ್ನೇ ಕಾರನ್ನು ಹಿಡಿಯುತ್ತದೆ. ಇನ್ನೂ ಒಂದು ಮಾತು. ನಿಮ್ಮದು ಇಂಜೆಕ್ಷನ್ ಇರುವ ಕಾರು. ಗೇರಿನಲ್ಲಿದ್ದು ಕಾಲು ಎತ್ತಿ ಇಳಿಯುವಾಗ ಅದು ಪೆಟ್ರೋಲನ್ನು ನಿಲ್ಲಿಸಿಬಿಡುತ್ತದೆ, ನ್ಯೂಟ್ರಲ್‌ನಲ್ಲಿ ಮಾತ್ರ ಸ್ವಲ್ಪ ಸ್ವಲ್ಪ ಕುಡಿಯುತ್ತಲೇ ಇರುತ್ತದೆ. ನಾನು ಉಳಿಸಲು ಹೊರಟಿದ್ದನ್ನು ನೀವು ಗೇರಿನಲ್ಲಿದ್ದೇ ಉಳಿಸಬಹುದು.

ಎಂಜಿನ್ ಆಯಿಲ್ ಹತ್ತು ಸಾವಿರ ಕಿಲೋಮೀಟರಿಗೆ ಎಂದು ಕಾದರೆ ನಿಮಗೆ ಎರಡೂವರೆ ವರ್ಷ ಬೇಕು. ವರ್ಷಕ್ಕೊಮ್ಮೆ ಬದಲಿಸಿ, ಮಳೆ ಮುಗಿದ ಮೇಲೆ. ಮಳೆಗಾಲದ ಗಿಡ್ಡ ಓಡಾಟದಲ್ಲಿ ಆಯಿಲಿಗೆ ನೀರಿನಂಶ ಸೇರಿರುತ್ತದೆ. ಖಂಡೇನವಮಿಗೆ ಕಾರಿಗೆ ಹೂ ಹಾಕಿ ನಿಂಬೆಹಣ್ಣು ಹತ್ತಿಸುತ್ತೀರಲ್ಲ, ಅದರ ಹಿಂದಿನ ವಾರ ಆಯಿಲು, ಆಯಿಲ್ ಫಿಲ್ಟರು ಬದಲಿಸಿ. ಏರ್ ಫಿಲ್ಟರ್ ತೆಗೆದು ಬಡಿದು ನೋಡಿ. ಹಳಿಯಾಳದ ಕಡೆ ಕಬ್ಬು ಸಾಗುವ ತಿಂಗಳುಗಳಲ್ಲಿ ಟ್ರ್ಯಾಕ್ಟರುಗಳ ಹಿಂದೆ ಧೂಳು ಕುಡಿದು ಬಂದ ಕಾರಾದರೆ ಅದು ಬೇಗ ಕಟ್ಟುತ್ತದೆ. ಅದೇ ತಿಂಗಳುಗಳಲ್ಲಿ ಗದ್ದೆ ಕಟಾವಾಗಿ ಇಲಿಗಳು ಬೇರೆ ಮನೆ ಹುಡುಕುತ್ತವೆ. ಮಾವನ ಮನೆಯಲ್ಲಿ ಹುಲ್ಲಿನ ಬಣವೆಯ ಪಕ್ಕ ಕಾರು ನಿಲ್ಲಿಸಬೇಡಿ. ಬಾನೆಟ್ಟಿನೊಳಗೆ ಹೊಗೆಸೊಪ್ಪು ಕಟ್ಟುವವರಿದ್ದಾರೆ, ನನಗೆ ಅದರಲ್ಲಿ ಅಷ್ಟು ನಂಬಿಕೆಯಿಲ್ಲ, ಬೆಳಿಗ್ಗೆ ಒಮ್ಮೆ ಬಾನೆಟ್ ತೆರೆದು ನೋಡುವುದರಲ್ಲಿ ಇದೆ. ರೇಡಿಯೇಟರಿಗೆ ಬಾವಿ ನೀರು ಸುರಿಯಬೇಡಿ, ಕೂಲಂಟೇ ಹಾಕಿ.

ವಿಮೆಯ ಬಗ್ಗೆ ನೀವು ಕೇಳಿಲ್ಲ, ಆದರೆ ದುಡ್ಡು ಸೋರುವುದು ಅಲ್ಲೂ ಇದೆ. 2022ರ ಜೂನ್‌ನಲ್ಲಿ ನಿಗದಿಯಾದ ದರದಂತೆ ಸಾವಿರ ಸಿಸಿ ಒಳಗಿನ ಕಾರಿಗೆ ಥರ್ಡ್ ಪಾರ್ಟಿ 2,094 ರೂಪಾಯಿ, ಮೇಲೆ ಜಿಎಸ್‌ಟಿ. ಇಷ್ಟು ಹಳೆಯ ಕಾರಿಗೆ ಅಷ್ಟೇ ಸಾಕು ಎನ್ನುವವರಿದ್ದಾರೆ. ದಾಂಡೇಲಿ ಪೇಟೆಯಲ್ಲೋ ಮುಂಡಗೋಡದಲ್ಲೋ ಇದ್ದಿದ್ದರೆ ನಾನೂ ಅದನ್ನೇ ಹೇಳುತ್ತಿದ್ದೆ. ನಿಮ್ಮ ರಸ್ತೆಗಳಲ್ಲಿ ಜುಲೈನ ಗಾಳಿಗೆ ಮರ ಬೀಳುತ್ತದೆ, ಹಾಗಾಗಿ ನಿಮಗೆ ಪೂರ್ಣ ವಿಮೆಯೇ ಇರಲಿ. ಸಣ್ಣ ತಗ್ಗಿಗೆ, ಗೀರಿಗೆ ಕ್ಲೇಮು ಮಾಡಬೇಡಿ. ಕ್ಲೇಮಿಲ್ಲದ ಐದು ವರ್ಷಕ್ಕೆ ಸ್ವಂತ ಹಾನಿಯ ಕಂತಿನಲ್ಲಿ ಶೇ 50ರಷ್ಟು ರಿಯಾಯಿತಿ ಸಿಗುತ್ತದೆ. ಅವಧಿ ಮುಗಿದು 90 ದಿನದೊಳಗೆ ನವೀಕರಿಸದಿದ್ದರೆ ಕೂಡಿಟ್ಟ ರಿಯಾಯಿತಿ ಪೂರ್ತಿ ಹೋಗುತ್ತದೆ. ಮಳೆಗಾಲದಲ್ಲಿ ಮರೆತವರು ಹೀಗೇ ಕಳೆದುಕೊಳ್ಳುವುದು.

ಈಗ ನಿಮ್ಮ ಹೆಂಡತಿಯವರ ಪ್ರಶ್ನೆ. ಅವರಿಗೆ ಕಾರಿನ ಮೇಲೆ ಸಿಟ್ಟಿದೆ ಎಂದು ನನಗನಿಸುವುದಿಲ್ಲ. ಹೇಳದೆ ಕೇಳದೆ ಬರುವ ಬಿಲ್ಲಿನ ಮೇಲೆ ಸಿಟ್ಟು, ಅದರ ಹಿಂದೆಯೇ ತಮ್ಮ ಬಳೆಯ ಕಡೆ ತಿರುಗುವ ನಿಮ್ಮ ಕಣ್ಣಿನ ಮೇಲೆ ಸಿಟ್ಟು. ನ್ಯಾಯವಾದದ್ದೇ. ಸಹಕಾರಿ ಸಂಘದಲ್ಲಿ ಕೆಲಸ ಮಾಡುವ ನಿಮಗೆ ನಾನು ಪಿಗ್ಮಿಯ ಪಾಠ ಹೇಳಬೇಕೇ? 1928ರಲ್ಲಿ ಉಡುಪಿಯಲ್ಲಿ ಶುರುವಾದ ಆ ಪದ್ಧತಿ, ಒಮ್ಮೆಗೇ ದುಡ್ಡು ಎತ್ತಿಡಲಾಗದವರಿಗೆಂದೇ ಹುಟ್ಟಿದ್ದು. ಕಾರಿನ ಹೆಸರಿಗೆ ದಿನಕ್ಕೆ 50 ರೂಪಾಯಿ ಪಿಗ್ಮಿ ಕಟ್ಟಿ, ವರ್ಷಕ್ಕೆ 18,250 ಆಗುತ್ತದೆ. ವಿಮೆ, ಆಯಿಲು, ವರ್ಷಕ್ಕೊಮ್ಮೆಯ ಹೊಗೆ ತಪಾಸಣೆ, ಒಂದು ಜೋಡಿ ಟೈರು ಅದರೊಳಗೇ ಮುಗಿಯಬೇಕು. ಪುಸ್ತಕ ಹೆಂಡತಿಯವರ ಕೈಯಲ್ಲಿರಲಿ. ಅದರಲ್ಲಿ ಇಲ್ಲದ ದುಡ್ಡನ್ನು ಕಾರಿಗೆ ಹಾಕುವುದಿಲ್ಲ ಎಂದು ಅವರಿಗೆ ಮಾತು ಕೊಡಿ.

ಇನ್ನೊಂದು, ನೀವು ಬೇಸರಿಸಬಾರದು. 2023ರ ಜೂನ್‌ನಿಂದ ಹೆಣ್ಣುಮಕ್ಕಳಿಗೆ ಸಾರಿಗೆ ಬಸ್ಸು ಪುಕ್ಕಟೆ. ಮುಂಡಗೋಡದಿಂದ ಹುಬ್ಬಳ್ಳಿ 50 ಕಿಲೋಮೀಟರಿಗೂ ಕಡಿಮೆ. ತಾಯಿಯನ್ನು ಕರೆದೊಯ್ಯಲೆಂದು ನೀವು ಜೊಯಿಡಾದಿಂದ ದಾಂಡೇಲಿ, ಹಳಿಯಾಳ ದಾಟಿ ನೂರು ಕಿಲೋಮೀಟರಿಗೂ ಮೇಲೆ ಓಡಿಸುತ್ತೀರಿ. ಪ್ರತಿ ತಿಂಗಳೂ ಅದು ಬೇಕೇ? ತಾಯಿಯನ್ನೇ ಕೇಳಿ. ಬಸ್ ಸ್ಟ್ಯಾಂಡಿನಲ್ಲಿ ಕಾಯುವುದು ಅವರಿಗೆ ಕಷ್ಟವೆಂದರೆ ಕಾರೇ ಸರಿ. ಮಗ ಬರುತ್ತಾನೆಂಬುದೇ ಅವರಿಗೆ ಮುಖ್ಯವಾದರೂ ಕಾರೇ ಸರಿ. ಬಸ್ಸಾದರೂ ನಡೆಯುತ್ತದೆ ಎಂದರೆ ಮೂರು ತಿಂಗಳಿಗೊಮ್ಮೆ ಹೋಗಿ ಎರಡು ದಿನ ಇದ್ದು ಬನ್ನಿ.

ಮಾರುವ ಮಾತಿಗೆ ನನ್ನ ತೀರ್ಮಾನ ಇದು. ಮುಂದಿನ ಏಪ್ರಿಲ್‌ನಲ್ಲಿ ತಳ ತೊಳೆಸಿದಾಗ ಮಿಸ್ತ್ರಿಯ ಕೈಗೆ ಸ್ಕ್ರೂಡ್ರೈವರ್ ಕೊಟ್ಟು, ಅಡಿಯ ಉದ್ದ ಪಟ್ಟಿಗಳನ್ನೂ ಬಾಗಿಲಿನ ಕೆಳಗಿನ ಅಂಚನ್ನೂ ಒತ್ತಿ ನೋಡಲು ಹೇಳಿ. ಟಣ್ ಎಂದರೆ ಇಟ್ಟುಕೊಳ್ಳಿ. ಒಳಗೆ ಹೊಕ್ಕರೆ ಅದಕ್ಕೆ ಇನ್ನು ಒಂದು ರೂಪಾಯಿಯನ್ನೂ ಹಾಕದೆ, ಕೊಳ್ಳುವವರಿಗೆ ತುಕ್ಕು ತೋರಿಸಿಯೇ ಮಾರಿ. 2028ಕ್ಕೆ ನಿಮ್ಮ ಕಾರಿಗೆ 15 ವರ್ಷ ತುಂಬುತ್ತದೆ. ಆಗ ನೋಂದಣಿ ನವೀಕರಣಕ್ಕೆ, 2022ರ ಏಪ್ರಿಲ್‌ನಲ್ಲಿ ಏರಿದ ದರದಂತೆ, ಶುಲ್ಕವೇ 5,000 ರೂಪಾಯಿ. ಹಸಿರು ತೆರಿಗೆ ಬೇರೆ, ಆರ್‌ಟಿಒದಲ್ಲಿ ಪಾಸಿಂಗ್ ಮಾಡಿಸುವ ಓಡಾಟ ಬೇರೆ. ತಳ ಗಟ್ಟಿಯಿದ್ದರೆ ಅದನ್ನೂ ಕಟ್ಟಿ ಇನ್ನೈದು ವರ್ಷ ಓಡಿಸಬಹುದು. ಆ 5,000ಕ್ಕೂ ಪಿಗ್ಮಿಯಲ್ಲಿ ಜಾಗ ಇಟ್ಟುಕೊಳ್ಳಿ.

ವೈಪರ್ ಮಾತ್ರ ನಾಳೆಯೇ ಹಾಕಿಸಿ, ಶನಿವಾರಕ್ಕೆ ಕಾಯಬೇಡಿ.